ಜಕಾರ್ತದ ಇಸ್ತಿಕ್ಲಾಲ್ ಮಸೀದಿ ಯಾಕೆ ಇಷ್ಟು ಬೋಳಾಗಿದೆ?

ವಿಜಾಪುರದ_ಹುಡುಗ
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಕಂಪನಿ ಕೆಲಸದ ಮೇಲೆ ಜಕಾರ್ತಕ್ಕೆ ಹೋಗಿದ್ದೆ. ಒಂದು ಭಾನುವಾರ ಬಿಡುವು ಸಿಕ್ಕಿತು, ಇಸ್ತಿಕ್ಲಾಲ್ ಮಸೀದಿ ನೋಡಿ ಬಂದೆ. ಇಂಡೋನೇಷ್ಯಾದ ರಾಷ್ಟ್ರೀಯ ಮಸೀದಿ, ಆಗ್ನೇಯ ಏಷ್ಯಾದಲ್ಲೇ ದೊಡ್ಡದು, ಲಕ್ಷಕ್ಕೂ ಜಾಸ್ತಿ ಜನ ಒಟ್ಟಿಗೆ ನಮಾಜು ಮಾಡಬಹುದು ಅಂತೆಲ್ಲ ಕೇಳಿಕೊಂಡು ಹೋಗಿದ್ದೆ.

ನಾನು ಗೋಲಗುಮ್ಮಟದ ಬುಡದಲ್ಲೇ ಬೆಳೆದವನು. ಶಾಲೆ ಬಿಟ್ಟ ಮೇಲೆ ಇಬ್ರಾಹಿಂ ರೋಜಾ ಕಡೆ ಹೋಗಿ ಆ ಕಲ್ಲಿನ ಜಾಲಂಧ್ರದ ಅಕ್ಷರಗಳನ್ನು ಬೆರಳಲ್ಲಿ ಮುಟ್ಟುತ್ತಾ ನಿಲ್ಲುತ್ತಿದ್ದೆ. ನನ್ನ ಮನಸ್ಸಿನಲ್ಲಿ ಮಸೀದಿ, ರೋಜಾ ಅಂದರೆ ಅದೇ. ಇಸ್ತಿಕ್ಲಾಲ್ ಹೊರಗಿನಿಂದ ನೋಡಿದಾಗ ನಿಜ ಹೇಳಬೇಕಂದ್ರೆ ಬೇಜಾರಾಯಿತು. ಉದ್ದುದ್ದ ಚೌಕಾಕಾರದ ಕಂಬಗಳು, ಅಡ್ಡಡ್ಡ ಮಹಡಿಗಳು, ಮೇಲೊಂದು ಬಿಳಿ ಗುಮ್ಮಟ. ಕೆತ್ತನೆ ಇಲ್ಲ, ಬಣ್ಣ ಇಲ್ಲ. ದೊಡ್ಡ ಸರ್ಕಾರಿ ಕಚೇರಿ ಥರ.

ಒಳಗೆ ಹೋದ ಮೇಲೆ ಮಾತ್ರ ಮಾತು ನಿಂತುಹೋಯಿತು. ಆ ಗುಮ್ಮಟದ ಕೆಳಗಿನ ಜಾಗ ಇದೆಯಲ್ಲ, ಅದು ಬೇರೆಯೇ. ಆದರೆ ನಮ್ಮನ್ನು ಕರೆದುಕೊಂಡು ಹೋದವರು ಇಪ್ಪತ್ತೇ ನಿಮಿಷದಲ್ಲಿ ಹೊರಡಿಸಿಬಿಟ್ಟರು, ಏನೂ ವಿವರಿಸಲಿಲ್ಲ. ಎರಡು ಪ್ರಶ್ನೆ ಉಳಿದುಕೊಂಡಿವೆ. ಒಂದು, ದುಡ್ಡು ಇರಲಿಲ್ಲ ಅಂತ ಹೀಗೆ ಬೋಳಾಗಿ ಕಟ್ಟಿದರಾ, ಅಥವಾ ಬೇಕು ಅಂತಲೇ ಹೀಗಾ? ಎರಡು, ಇದರ ಗುಮ್ಮಟ ನಮ್ಮ ಗೋಲಗುಮ್ಮಟಕ್ಕಿಂತ ದೊಡ್ಡದು ಅಂದರು. ನಿಜವಾ?

ಶಾಂತಲಾ_ಹಾಸನ
ಫೋಟೋ ನೋಡಿದೆ. ನನಗೂ ಸ್ಟೇಡಿಯಂ ಅನಿಸಿತು.

ಕೊಲ್ಲಿ_ಕನ್ನಡಿಗ
ನಾನು ಅಬುಧಾಬಿಯಲ್ಲಿ ಇರುವುದು. ಇಲ್ಲಿನ ಶೇಖ್ ಝಾಯೆದ್ ಮಸೀದಿ ನೋಡಿದ ಕಣ್ಣಿಗೆ ಇಸ್ತಿಕ್ಲಾಲ್ ಸಪ್ಪೆ ಅನಿಸುವುದು ಸಹಜ. ಇಲ್ಲಿ 82 ಗುಮ್ಮಟ, ಸಾವಿರಕ್ಕೂ ಜಾಸ್ತಿ ಕಂಬ, ಕೈಯಲ್ಲೇ ನೇಯ್ದ ಒಂದೇ ಕಾರ್ಪೆಟ್ 5,600 ಚದರ ಮೀಟರಿಗೂ ಮೇಲೆ. ಕಂಬಗಳಲ್ಲಿ ಕಲ್ಲಿನ ಹೂಬಳ್ಳಿ ಕೂರಿಸಿದ್ದಾರೆ. ರಾಷ್ಟ್ರೀಯ ಮಸೀದಿ ಅಂದರೆ ದೇಶದ ಹೆಮ್ಮೆ ಕಾಣಬೇಕು ಅಲ್ವಾ? ಬರೀ ಕಾಂಕ್ರೀಟಿನಲ್ಲಿ ಏನು ಹೆಮ್ಮೆ?

ಕಟ್ಟಡಪ್ರಿಯ
ಕೊಲ್ಲಿ ಕನ್ನಡಿಗರೇ, ಇಲ್ಲೇ ನಾನು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಶೇಖ್ ಝಾಯೆದ್ ಮಸೀದಿ ತೆರೆದದ್ದು 2007ರಲ್ಲಿ, ಎಣ್ಣೆಯ ದುಡ್ಡಿದ್ದ ಕಾಲ. ಇಸ್ತಿಕ್ಲಾಲ್‌ನ ವಿನ್ಯಾಸಕ್ಕೆ ಸ್ಪರ್ಧೆ ನಡೆದದ್ದು 1955ರಲ್ಲಿ. ಡಚ್ಚರು ಬಿಟ್ಟುಹೋಗಿ ಆರೇಳು ವರ್ಷ ಕೂಡ ಆಗಿರಲಿಲ್ಲ. ಇಸ್ತಿಕ್ಲಾಲ್ ಅನ್ನುವ ಅರಬ್ಬಿ ಮಾತಿಗೆ ಅರ್ಥವೇ ಸ್ವಾತಂತ್ರ್ಯ. ಅಂಥ ಹೊಸ ದೇಶಕ್ಕೆ ಹಳೆ ಅರಮನೆಯ ಅಲಂಕಾರ ಬೇಕಿರಲಿಲ್ಲ. ಅಧ್ಯಕ್ಷ ಸುಕರ್ನೋ ಸ್ವತಃ ಎಂಜಿನಿಯರಿಂಗ್ ಓದಿದವರು, ತೀರ್ಪುಗಾರರ ಮುಖ್ಯಸ್ಥರೂ ಅವರೇ. ಕಬ್ಬಿಣ, ಕಾಂಕ್ರೀಟು ಹಾಕಿ, ನೂರಾರು ವರ್ಷ ನಿಲ್ಲುವ ಹಾಗೆ, ಇವತ್ತಿನ ಕಾಲದ್ದೇ ಆಗಿ ಕಟ್ಟಬೇಕು ಅನ್ನುವುದು ಅವರ ಹಟ.

ಗೆದ್ದ ವಾಸ್ತುಶಿಲ್ಪಿ ಫ್ರೆಡೆರಿಕ್ ಸಿಲಾಬನ್. ಉತ್ತರ ಸುಮಾತ್ರಾದ ಬಟಾಕ್ ಜನ, ಪಾದ್ರಿಯ ಮಗ, ಕ್ರೈಸ್ತ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರು ಇರುವ ದೇಶದ ರಾಷ್ಟ್ರೀಯ ಮಸೀದಿಯ ನಕ್ಷೆ ಬರೆದದ್ದು ಒಬ್ಬ ಪ್ರಾಟೆಸ್ಟಂಟ್! ಸ್ಪರ್ಧೆಗೆ ಹೆಸರು ಹಾಕುವ ಹಾಗಿರಲಿಲ್ಲ, ಸಂಕೇತಪದ ಕೊಡಬೇಕಿತ್ತು. ಅವರು ಕೊಟ್ಟದ್ದು 'ಕೆತುಹಾನಾನ್', ಅಂದರೆ ದೈವತ್ವ.

ಈಗ ನಿಮ್ಮ ಮೊದಲ ಪ್ರಶ್ನೆ. ಬೇಕು ಅಂತಲೇ ಹೀಗೆ. ಸಿಲಾಬನ್ ಜೀವನವಿಡೀ ತಲೆ ಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ, ಬಿಸಿಲು ಮಳೆ ಸೆಕೆ ಇರುವ ಊರಿನಲ್ಲಿ ಕಟ್ಟಡ ಹೇಗಿರಬೇಕು ಅಂತ. ಅಗಲವಾದ ಸೂರು, ಆಳವಾದ ಜಗಲಿ, ಗಾಳಿ ಆಡುವ ಗೋಡೆ. ಇಸ್ತಿಕ್ಲಾಲ್‌ನಲ್ಲಿ ಗೋಡೆ ಅಂತ ಇರುವುದೇ ಕಡಿಮೆ. ಕಂಬ, ಕಂಬಗಳ ನಡುವೆ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ. ನೀವು ಬೋಳು ಅಂದ ಜಾಗ ಗಾಳಿಗೆ ಬಿಟ್ಟ ಜಾಗ.

ಸಿಮೆಂಟು_ಮರಳು
ಗುಮ್ಮಟದ ಲೆಕ್ಕ ನಾನು ಹೇಳುತ್ತೇನೆ, ಹುಬ್ಬಳ್ಳಿಯಲ್ಲಿ ಸ್ಟ್ರಕ್ಚರಲ್ ಕೆಲಸ ಮಾಡುವವನು. ಇಸ್ತಿಕ್ಲಾಲ್ ಗುಮ್ಮಟದ ಅಡ್ಡಳತೆ 45 ಮೀಟರ್. ಗೋಲಗುಮ್ಮಟದ್ದು ಹೊರಗಿನಿಂದ ಸುಮಾರು 44, ಒಳಗಿನಿಂದ 38ರ ಹತ್ತಿರ. ಗೋಡೆಯೇ ಮೂರು ಮೀಟರ್ ದಪ್ಪ. ಅಂದರೆ ಅಳತೆಯಲ್ಲಿ ಜಕಾರ್ತದ್ದು ದೊಡ್ಡದು, ಅದರಲ್ಲಿ ಸುಳ್ಳೇನಿಲ್ಲ.

ಆದರೆ ಹೋಲಿಕೆಯೇ ಸರಿಯಲ್ಲ. ಅಲ್ಲಿ ಉಕ್ಕಿನ ಹಂದರ, ಕೆಳಗೆ ಹನ್ನೆರಡು ದುಂಡು ಕಂಬ. ನಮ್ಮಲ್ಲಿ ಇಟ್ಟಿಗೆ, ಸುಣ್ಣದ ಗಾರೆ, ಒಳಗೆ ಒಂದೇ ಒಂದು ಕಂಬ ಇಲ್ಲ. ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ಅಷ್ಟೂ ಭಾರ ಕೂತಿದೆ. ಅದೂ 1656ರಲ್ಲಿ ಮುಗಿದದ್ದು. ಮೂರು ಶತಮಾನದ ಅಂತರಕ್ಕೆ ಒಂದು ಮೀಟರ್ ಜಾಸ್ತಿ!

ವಿಜಾಪುರದ_ಹುಡುಗ
ಸರ್, ಈ ಉತ್ತರ ಪ್ರಿಂಟ್ ತೆಗೆದು ಅಪ್ಪನಿಗೆ ಕೊಡುತ್ತೇನೆ. ಅವರು ಗಾರೆ ಮೇಸ್ತ್ರಿ, ನಾನು ದೊಡ್ಡದು ಅಂದಾಗಿನಿಂದ ಮಾತೇ ಬಿಟ್ಟಿದ್ದಾರೆ.

ಉಳ್ಳಾಲದ_ಬ್ಯಾರಿ
ಅಳತೆ ಬಿಡಿ ಮಾರಾಯ್ರೆ, ಆ 45ರ ಕಥೆ ಗೊತ್ತುಂಟಾ? ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿದ್ದು 17 ಆಗಸ್ಟ್ 1945. ದೊಡ್ಡ ಗುಮ್ಮಟ 45 ಮೀಟರ್. ಪ್ರವೇಶದ ಕಡೆ ಇರುವ ಚಿಕ್ಕ ಗುಮ್ಮಟ 8 ಮೀಟರ್, ಅಂದರೆ ಆಗಸ್ಟ್. ಹನ್ನೆರಡು ಕಂಬ ಪ್ರವಾದಿಯವರು ಹುಟ್ಟಿದ ರಬೀಉಲ್ ಅವ್ವಲ್ ತಿಂಗಳ 12ನೇ ದಿನಕ್ಕೆ. ಐದು ಅಂತಸ್ತು ಇಸ್ಲಾಮಿನ ಐದು ಕಡ್ಡಾಯಗಳಿಗೆ, ಐದು ಹೊತ್ತಿನ ನಮಾಜಿಗೆ, ಅವರ ದೇಶದ ಐದು ಮೂಲತತ್ವಗಳಾದ ಪಂಚಶೀಲಕ್ಕೂ ಹೌದು. ಮಿನಾರು ಒಂದೇ, 66.66 ಮೀಟರ್, ಕುರಾನಿನ ವಚನಗಳ, ಅಂದರೆ ಆಯತ್‌ಗಳ ಲೆಕ್ಕಕ್ಕೆ. ಅದರ ಮೇಲಿನ ಉಕ್ಕಿನ ಗೋಪುರ 30 ಮೀಟರ್, ಕುರಾನಿನ ಮೂವತ್ತು ಭಾಗಗಳಾದ ಜುಜ್‌ಗೆ. ಕೆತ್ತನೆ ಇಲ್ಲ ಅಂದ್ರಲ್ಲ, ಅಳತೆಯಲ್ಲೇ ಕೆತ್ತಿದ್ದಾರೆ.

ಶಾಂತಲಾ_ಹಾಸನ
ಇದೆಲ್ಲ ಕಟ್ಟಿದ ಮೇಲೆ ಯಾರೋ ಜೋಡಿಸಿದ್ದು ಇರಬೇಕು ಅಂತ ನನಗೆ ಅನುಮಾನ. ಹನ್ನೆರಡು ಕಂಬ ಎಲ್ಲಿಲ್ಲ? ದುಂಡಗಿನ ಗುಮ್ಮಟಕ್ಕೆ ಎಂಟು, ಹನ್ನೆರಡು, ಹದಿನಾರು, ಹೀಗೇ ತಾನೇ ಕಂಬ ಬರುವುದು. ಐದು ಅಂತಸ್ತೂ ಹಾಗೇ. ಯಾವ ಅಂಕಿ ಕೊಟ್ಟರೂ ಅದಕ್ಕೊಂದು ಅರ್ಥ ಹುಡುಕಬಹುದು.

ಸಿಮೆಂಟು_ಮರಳು
ಮೇಡಂ, ಹನ್ನೆರಡು ಕಂಬದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ 66.66 ಅನ್ನುವ ಎತ್ತರ ಯಾವ ಎಂಜಿನಿಯರೂ ಸುಮ್ನೆ ಇಡುವುದಿಲ್ಲ. 65 ಇಡುತ್ತಾನೆ, 70 ಇಡುತ್ತಾನೆ. ಸೊನ್ನೆ ಬಿಟ್ಟು ಆರರ ಮೇಲೆ ಆರು ಬರೆದಿದ್ದಾರೆ ಅಂದರೆ ಮನಸ್ಸಿನಲ್ಲಿ ಏನೋ ಇತ್ತು.

ಜಕಾರ್ತ_ಅಕ್ಕ
ಒಂದು ತಿದ್ದುಪಡಿ. 6,666 ಆಯತ್ ಅನ್ನುವುದು ಜನರ ಬಾಯಲ್ಲಿ ಇರುವ ಲೆಕ್ಕ. ಈಗ ಹೆಚ್ಚಿನ ಕಡೆ ಅಚ್ಚಾಗುವ ಕುರಾನ್‌ನಲ್ಲಿ ಎಣಿಸಿದರೆ 6,236. ಎಲ್ಲಿ ನಿಲ್ಲಿಸಿ ಒಂದು ಆಯತ್ ಅಂತ ಎಣಿಸುತ್ತಾರೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ನನ್ನ ಅಜ್ಜಿಯೂ 6,666 ಅಂತಲೇ ಹೇಳುತ್ತಿದ್ದರು, ಇಲ್ಲಿನ ಅಜ್ಜಿಯರೂ ಹಾಗೇ ಹೇಳುತ್ತಾರೆ.

ನಾನು ಭಟ್ಕಳದವಳು, ಜಕಾರ್ತಕ್ಕೆ ಬಂದು ಒಂಬತ್ತು ವರ್ಷ. ಬೋಳು ಅಂದ ತಮ್ಮನಿಗೆ ಒಂದು ಮಾತು. ನೀನು ಭಾನುವಾರ ಖಾಲಿ ಇದ್ದಾಗ ನೋಡಿದ್ದೀಯ. ರಮಜಾನ್ ರಾತ್ರಿಯ ವಿಶೇಷ ನಮಾಜು ತರಾವೀಹ್‌ಗೆ ಬಂದು ನೋಡು. ಇಲ್ಲಿ ಹೆಂಗಸರು ನಮಾಜಿಗೆ ಮುಕೆನಾ ಅಂತ ಹಾಕಿಕೊಳ್ಳುತ್ತಾರೆ, ತಲೆಯಿಂದ ಕಾಲಿನವರೆಗೆ ಸಡಿಲವಾದ ಬಟ್ಟೆ, ಹೆಚ್ಚಾಗಿ ಬಿಳಿ. ಸಾಲು ಸಾಲಾಗಿ ನಿಂತಾಗ ಕೆಂಪು ಕಾರ್ಪೆಟ್ ಮೇಲೆ ಬಿಳಿ ಗೆರೆ ಎಳೆದ ಹಾಗಿರುತ್ತದೆ. ಎಲ್ಲರೂ ಒಟ್ಟಿಗೆ ಬಗ್ಗಿದಾಗ ಬಟ್ಟೆಯ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ, ಮಳೆ ಬರುವ ಮೊದಲು ತೆಂಗಿನ ಗರಿ ಅಲ್ಲಾಡಿದ ಹಾಗೆ. ಆಗ ಕಂಬ, ಗೋಡೆ ಯಾವುದನ್ನೂ ಯಾರೂ ನೋಡುವುದಿಲ್ಲ. ನಮ್ಮೂರ ಕಡೆ ಎಷ್ಟೋ ಮಸೀದಿಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. ಇಲ್ಲಿ ಮೊದಲ ಸಲ ಅಷ್ಟು ಜನರ ನಡುವೆ ನಿಂತಾಗ ನನಗೆ ಕಣ್ಣು ತುಂಬಿ ಬಂತು.

ಉಳ್ಳಾಲದ_ಬ್ಯಾರಿ
ಅಕ್ಕ, 6,236 ಸರಿ. ತಿದ್ದಿದ್ದಕ್ಕೆ ಶುಕ್ರಿಯಾ.

ಕೊಲ್ಲಿ_ಕನ್ನಡಿಗ
ಅಕ್ಕನ ಮಾತು ಮನಸ್ಸಿಗೆ ತಾಗಿತು. ಆದರೂ ಕೇಳುತ್ತೇನೆ, ಸೆಕೆ ತಡೆಯುತ್ತದಾ? ಎ.ಸಿ. ಇಲ್ಲದೆ ಜಕಾರ್ತದಲ್ಲಿ ಒಂದು ಗಂಟೆ ಕೂರುವುದು ಅಂದರೆ ನನಗೆ ನಂಬಿಕೆ ಇಲ್ಲ.

ಜಕಾರ್ತ_ಅಕ್ಕ
ಹೊರಗೆ ಬೆವರಿಳಿಯುವ ಮಧ್ಯಾಹ್ನ ಒಳಗೆ ಬಂದು ಅಮೃತಶಿಲೆಯ ಮೇಲೆ ಅಂಗಾಲು ಇಟ್ಟರೆ ತಣ್ಣಗಿರುತ್ತದೆ. ಆ ಕಲ್ಲು ಪೂರ್ವ ಜಾವಾದ ತುಲುಂಗಾಗುಂಗ್‌ನದ್ದು. ಜುಮಾ ದಿನ, ಅಂದರೆ ಶುಕ್ರವಾರ, ಜನ ತುಂಬಿದಾಗ ಸೆಕೆ ಇಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಉಸಿರು ಕಟ್ಟಲ್ಲ. ಜಾಲರಿಯಿಂದ ಗಾಳಿ ಬರುತ್ತಲೇ ಇರುತ್ತದೆ. ಮಳೆ ಬಂದರೆ ಮಣ್ಣಿನ ವಾಸನೆಯೂ ಬರುತ್ತದೆ.

ಕಟ್ಟಡಪ್ರಿಯ
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. 2019–20ರಲ್ಲಿ ಮಸೀದಿಗೆ ದೊಡ್ಡ ರಿಪೇರಿ ಆಯಿತು. ಸೌರಫಲಕ, ಕಡಿಮೆ ನೀರು ಸುರಿಯುವ ನಲ್ಲಿ, ಹೊಸ ದೀಪಗಳು. ವುಜೂಗೆ ಎಷ್ಟು ನೀರು ಬೇಕು ಯೋಚಿಸಿ, ನಮಾಜಿಗೆ ಮುಂಚೆ ಲಕ್ಷ ಜನ ಕೈಕಾಲು ತೊಳೆಯಬೇಕು. 2022ರಲ್ಲಿ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿ ಕೊಡುವ ಹಸಿರು ಕಟ್ಟಡದ ಪ್ರಮಾಣಪತ್ರ ಸಿಕ್ಕಿತು. ಪೂಜಾಸ್ಥಳವೊಂದಕ್ಕೆ ಆ ಪತ್ರ ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು. ಮೂಲ ನಕ್ಷೆಯಲ್ಲೇ ಗಾಳಿ ಬೆಳಕಿಗೆ ದಾರಿ ಇದ್ದದ್ದರಿಂದ ರಿಪೇರಿ ಮಾಡಿದವರ ಕೆಲಸ ಹಗುರವಾಯಿತು.

ಕೆಎಲ್_ಕಿರಣ
ಕ್ವಾಲಾಲಂಪುರದ ಮಸ್ಜಿದ್ ನೆಗಾರಾ ಕೂಡ ಇದೇ ಕಾಲದ್ದು, 1965. ಅಲ್ಲಿ ಗುಮ್ಮಟವೇ ಇಲ್ಲ. ಬಿಚ್ಚಿದ ಛತ್ರಿಯ ಹಾಗೆ ಛಾವಣಿ, ಮಡಚಿದ ಛತ್ರಿಯ ಹಾಗೆ 73 ಮೀಟರ್ ಮಿನಾರು. ಮಳೆ ಊರಿಗೆ ಛತ್ರಿ, ಎಷ್ಟು ಸರಿ ನೋಡಿ. ಇಸ್ಲಾಮಾಬಾದಿನ ಫೈಸಲ್ ಮಸೀದಿಯೂ ಗುಮ್ಮಟ ಬಿಟ್ಟು ಡೇರೆ ಆಕಾರಕ್ಕೆ ಹೋಯಿತು, ಅದು 1986. ಹೊಸದಾಗಿ ಸ್ವತಂತ್ರವಾದ ದೇಶಗಳು ರಾಷ್ಟ್ರೀಯ ಮಸೀದಿ ಅಂದಾಗ ಹಳೆಯ ಮಾದರಿ ಬಿಟ್ಟು ಏನಾದರೂ ತಮ್ಮದು ಅಂತ ಹುಡುಕಿವೆ. ನನಗೆ ನೆಗಾರಾ ಇಷ್ಟ, ಇಸ್ತಿಕ್ಲಾಲ್‌ಗಿಂತ ಜಾಸ್ತಿ ಇಷ್ಟ. ಇಸ್ತಿಕ್ಲಾಲ್ ತುಂಬಾ ಬಿಗುವಾಗಿದೆ.

ಕಟ್ಟಡಪ್ರಿಯ
ಬಿಗುವು ಇದೆ ನಿಜ. ಅದು ಮನೆಯಂತೆ ಅಲ್ಲ, ಮೈದಾನದಂತೆ. ಆದರೆ ಛತ್ರಿ ತೋರಿಸಿದರೆ ಎಲ್ಲರಿಗೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ, ಖುಷಿಯಾಗುತ್ತದೆ. ಸಿಲಾಬನ್ ಹಾಗೆ ಏನನ್ನೂ ತೋರಿಸಲಿಲ್ಲ. ಅದಕ್ಕೆ ಧೈರ್ಯ ಬೇಕು ಅಂತ ನನ್ನ ಅಭಿಪ್ರಾಯ.

ಪದಪ್ರೇಮಿ
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ಮಸೀದಿಯ ಎದುರು ರಸ್ತೆಯಾಚೆ ಜಕಾರ್ತದ ಕೆಥೆಡ್ರಲ್ ಇದೆ ಅಲ್ವಾ? ಚರ್ಚಿಗೆ ಇಂಡೋನೇಷ್ಯಾ ಭಾಷೆಯಲ್ಲಿ 'ಗೆರೆಜಾ' ಅಂತಾರೆ. ನಮ್ಮ ಮಂಗಳೂರು ಕಡೆ ಇಗರ್ಜಿ ಅಂತೀವಿ. ಎರಡೂ ಪೋರ್ಚುಗೀಸರ 'ಇಗ್ರೇಜಾ'ದಿಂದ ಬಂದದ್ದು! ಹಡಗಿನವರು ಗೋವಾದಲ್ಲಿ ಒಂದು ಬಿಟ್ಟರು, ಆ ದ್ವೀಪಗಳಲ್ಲಿ ಒಂದು ಬಿಟ್ಟರು. ಅವರ 'ಮೆರ್ದೆಕಾ', ಅಂದರೆ ಬಿಡುಗಡೆ, ಸಂಸ್ಕೃತದ ಮಹರ್ಧಿಕದಿಂದ ಹೋದದ್ದು. ಮಸೀದಿ ಇರುವುದು ಮೆರ್ದೆಕಾ ಚೌಕದ ಪಕ್ಕ. ಒಂದೇ ಅರ್ಥಕ್ಕೆ ಮೈದಾನಕ್ಕೆ ಸಂಸ್ಕೃತದ ಮಾತು, ಮಸೀದಿಗೆ ಅರಬ್ಬಿ ಮಾತು. ಇದು ನನಗೆ ಎಷ್ಟು ಹಿಡಿಸಿತು ಅಂದರೆ ಬೆಳಿಗ್ಗೆಯಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಉಳ್ಳಾಲದ_ಬ್ಯಾರಿ
ಇಗರ್ಜಿ! ನಮ್ಮ ಮನೆಯಲ್ಲೂ ಅದೇ ಮಾತು. ಬಹಳ ಚಂದ ಉಂಟು.

ಜಕಾರ್ತ_ಅಕ್ಕ
ಕೆಥೆಡ್ರಲ್ ವಿಷಯ ಬಂತಲ್ಲ, ಹೇಳುತ್ತೇನೆ. ಮಸೀದಿಯನ್ನು ಅಲ್ಲಿ ಕಟ್ಟಿದ್ದು ಸುಮ್ನೆ ಅಲ್ಲ. ಉಪಾಧ್ಯಕ್ಷ ಹತ್ತಾ ಅವರಿಗೆ ತಮ್ರಿನ್ ರಸ್ತೆಯ ಕಡೆ ಬೇಕಿತ್ತು, ಅಲ್ಲಿ ಸುತ್ತ ಮುಸ್ಲಿಮರ ಕೇರಿಗಳಿವೆ, ಜನಕ್ಕೆ ಹತ್ತಿರ ಅಂತ. ಈಗಿನ ಜಾಗದಲ್ಲಿ ಡಚ್ಚರ ಕೋಟೆ ಇತ್ತು, ಅದನ್ನು ಒಡೆಯುವುದಕ್ಕೇ ದುಡ್ಡು ಸುರಿಯಬೇಕಲ್ಲ ಅಂತ ಅವರ ವಾದ. ಸುಕರ್ನೋ ಬಿಡಲಿಲ್ಲ. ಡಚ್ಚರ ರಾಣಿಯ ಹೆಸರಿನ ಪಾರ್ಕು, ಡಚ್ಚರ ಕೋಟೆ, ಅಲ್ಲೇ ಸ್ವಾತಂತ್ರ್ಯದ ಮಸೀದಿ ಏಳಬೇಕು, ಇಗರ್ಜಿಯ ಎದುರಿಗೇ ಇರಬೇಕು ಅಂದರು.

ಈಗ ಈದ್ ದಿನ ಕೆಥೆಡ್ರಲ್ ಅಂಗಳದಲ್ಲಿ ನಮ್ಮ ಗಾಡಿಗಳು ನಿಲ್ಲುತ್ತವೆ, ಕ್ರಿಸ್‌ಮಸ್ ದಿನ ಅವರ ಗಾಡಿಗಳು ಮಸೀದಿಯ ಒಳಗೆ. ಒಮ್ಮೆ ಕ್ರಿಸ್‌ಮಸ್ ಸಂಜೆ ನಾನು ನಮಾಜು ಮುಗಿಸಿ ಬರುವಾಗ ಒಂದು ಕುಟುಂಬ ಹೊಸ ಬಟ್ಟೆ ಹಾಕಿಕೊಂಡು ಮಸೀದಿ ಅಂಗಳದಲ್ಲಿ ಕಾರಿನಿಂದ ಇಳಿಯುತ್ತಿತ್ತು. ಚಿಕ್ಕ ಹುಡುಗಿಯ ಬೂಟಿನ ಲೇಸು ಬಿಚ್ಚಿತ್ತು. ನಮ್ಮ ಕಾವಲುಗಾರ ಬಗ್ಗಿ ಕಟ್ಟಿಕೊಟ್ಟ, ರಸ್ತೆ ದಾಟಿಸಿದ. ಈಗ ಎರಡರ ನಡುವೆ ನೆಲದಡಿಯಲ್ಲಿ ಸುರಂಗದ ದಾರಿಯೂ ಆಗಿದೆ, ಸುಮಾರು 28 ಮೀಟರ್, 'ಸಿಲತುರಹ್ಮಿ', ಅಂದರೆ ಬಾಂಧವ್ಯದ, ಸುರಂಗ ಅಂತಾರೆ. 2024ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಬಂದಾಗ ಇಮಾಮ್ ನಸರುದ್ದೀನ್ ಉಮರ್ ಜೊತೆ ಅದರ ಬಾಯಲ್ಲಿ ನಿಂತಿದ್ದರು.

ಶಾಂತಲಾ_ಹಾಸನ
ಸುರಂಗ ಯಾಕೆ ಬೇಕಿತ್ತು? ರಸ್ತೆ ದಾಟಿದರೆ ಆಯಿತಲ್ಲ. ಆ ದುಡ್ಡಿನಲ್ಲಿ ಬೇರೆ ಏನಾದರೂ ಮಾಡಬಹುದಿತ್ತು. ಆ ಕಾವಲುಗಾರ ಬೂಟಿನ ಲೇಸು ಕಟ್ಟಿದ್ದು ನನಗೆ ಸುರಂಗಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಜಕಾರ್ತ_ಅಕ್ಕ
ಶಾಂತಲಾ, ಆ ರಸ್ತೆಯ ಟ್ರಾಫಿಕ್ ನೋಡಿದರೆ ನೀವೇ ಸುರಂಗ ಕೇಳುತ್ತೀರಿ. ವಯಸ್ಸಾದವರಿಗೆ, ಮಕ್ಕಳಿಗೆ ತುಂಬಾ ಅನುಕೂಲ. ಎರಡೂ ಇರಲಿ.

ವಿಜಾಪುರದ_ಹುಡುಗ
ಇಷ್ಟೆಲ್ಲ ಇದೆ ಅಂತ ಗೊತ್ತಿದ್ದರೆ ಅರ್ಧ ದಿನ ಅಲ್ಲೇ ಕೂರುತ್ತಿದ್ದೆ. ಇನ್ನೊಂದು, ಅಲ್ಲಿ ಒಂದು ಭಾರಿ ನಗಾರಿ ನೋಡಿದೆ, ಅದೇನು?

ಉಳ್ಳಾಲದ_ಬ್ಯಾರಿ
ಅದು ಬೆದುಗ್. ಜಾವಾ ಕಡೆ ಅಜಾನ್‌ಗೆ ಮೊದಲು ಬೆದುಗ್ ಬಾರಿಸಿ ಊರಿಗೆ ತಿಳಿಸುವ ಪದ್ಧತಿ ಹಳೆಯದು. ಇಸ್ತಿಕ್ಲಾಲ್‌ನದ್ದು ಒಂದೇ ಮರದ ದಿಮ್ಮಿ ಕೊರೆದು ಮಾಡಿದ್ದು, ಪೂರ್ವ ಕಾಲಿಮಂತಾನ್‌ನ ಮೆರಾಂತಿ ಮರ. ಉದ್ದ 3 ಮೀಟರ್, ತೂಕ ಎರಡು ಟನ್‌ಗೂ ಮೇಲೆ. ಎರಡು ಬದಿಯ ಬಾಯಿ ಒಂದೇ ಅಳತೆ ಇಲ್ಲ, ಒಂದು 2 ಮೀಟರ್, ಇನ್ನೊಂದು 1.71. ಮರ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ ಅಲ್ವಾ, ಹಾಗೇ ಬಿಟ್ಟಿದ್ದಾರೆ. ಇಡೀ ಮಸೀದಿಯಲ್ಲಿ ಕಾಂಕ್ರೀಟು, ಉಕ್ಕು. ಮಧ್ಯೆ ಇದೊಂದು ಕಾಡಿನಿಂದ ಎದ್ದು ಬಂದ ಹಾಗೆ.

ಕೊಲ್ಲಿ_ಕನ್ನಡಿಗ
ಸರಿ, ನನ್ನ ಮಾತು ಸ್ವಲ್ಪ ಹಿಂದೆ ತೆಗೆದುಕೊಳ್ಳುತ್ತೇನೆ. ಶೇಖ್ ಝಾಯೆದ್ ಮಸೀದಿ ನನಗೆ ಈಗಲೂ ಚಂದ, ಅದರಲ್ಲಿ ಬದಲಿಲ್ಲ. ಆದರೆ ಕಾಂಕ್ರೀಟಿನಲ್ಲಿ ಏನು ಹೆಮ್ಮೆ ಅಂದೆನಲ್ಲ, ಅದು ಆತುರದ ಮಾತು. ಇದು ಕಟ್ಟಿ ಮುಗಿಯಲು ಎಷ್ಟು ವರ್ಷ ಹಿಡಿಯಿತು?

ಕಟ್ಟಡಪ್ರಿಯ
ಹದಿನೇಳು. ಅಡಿಗಲ್ಲು ಹಾಕಿದ್ದು 24 ಆಗಸ್ಟ್ 1961, ಸುಕರ್ನೋ ಕೈಯಲ್ಲಿ. ಆಮೇಲೆ ದೇಶದ ಹಣಕಾಸು ಕುಸಿಯಿತು, 1965ರ ರಕ್ತಪಾತ, ಅಧಿಕಾರ ಬದಲಾಯಿತು, ಕೆಲಸ ಕುಂಟಿತು. ಉದ್ಘಾಟನೆ 22 ಫೆಬ್ರುವರಿ 1978, ಸುಕರ್ನೋ ನಂತರ ಅಧ್ಯಕ್ಷರಾದ ಸುಹಾರ್ತೋ ಮಾಡಿದರು. ಸುಕರ್ನೋ 1970ರಲ್ಲೇ ತೀರಿಕೊಂಡಿದ್ದರು. ಅಷ್ಟು ಹಟ ಹಿಡಿದು ಜಾಗ ಆರಿಸಿದ ಮನುಷ್ಯ ಅದು ಮುಗಿದದ್ದನ್ನು ನೋಡಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಸಿಲಾಬನ್ ಮಾತ್ರ ಕಣ್ಣಾರೆ ನೋಡಿದರು, ಅವರು ಹೋದದ್ದು 1984ರಲ್ಲಿ.

ಕೆಎಲ್_ಕಿರಣ
ಕ್ರೈಸ್ತ ಅಂತ ಅವರಿಗೆ ವಿರೋಧ ಬರಲಿಲ್ಲವಾ?

ಕಟ್ಟಡಪ್ರಿಯ
ತೀರ್ಪುಗಾರರ ಮುಂದೆ ಹೆಸರಿಲ್ಲದ ನಕ್ಷೆ ಇತ್ತು, ನಕ್ಷೆ ಗೆದ್ದಿತು. ಆಮೇಲೆ ಸುಕರ್ನೋ ಅವರ ಬೆನ್ನಿಗೆ ನಿಂತರು. ಇವತ್ತು ಇಸ್ತಿಕ್ಲಾಲ್ ಬಗ್ಗೆ ಇಂಡೋನೇಷ್ಯಾದವರನ್ನು ಕೇಳಿ, ಮೊದಲು ಹೇಳುವುದೇ ಸಿಲಾಬನ್ ಕಥೆ.

ಜಕಾರ್ತ_ಅಕ್ಕ
ಹೌದು, ನನ್ನ ಮಗಳಿಗೆ ಶಾಲೆಯಲ್ಲಿ ಟೀಚರ್ ಹೇಳಿಕೊಟ್ಟಿದ್ದಾರೆ. ಮನೆಗೆ ಬಂದು ನನಗೆ ಪಾಠ ಮಾಡಿದಳು.

ವಿಜಾಪುರದ_ಹುಡುಗ
ಅಪ್ಪನಿಗೆ ರಾತ್ರಿ ಎಲ್ಲ ಓದಿ ಹೇಳಿದೆ. ಗೋಲಗುಮ್ಮಟದ ಭಾಗ ಬಂದಾಗ ತಲೆ ಆಡಿಸಿದರು, ಏನೂ ಅನ್ನಲಿಲ್ಲ. ಆಮೇಲೆ ನನ್ನ ಫೋನ್ ಇಸಿದುಕೊಂಡು ಆ ಹನ್ನೆರಡು ಕಂಬದ ಫೋಟೋ ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ತುಂಬಾ ಹೊತ್ತು ನೋಡಿದರು. ಹೊರಗೆ ಹೊಳೆಯುವುದು ಸ್ಟೀಲಾ, ಒಳಗೆ ಏನು ಅಂತ ಕೇಳಿದರು. ಸಿಮೆಂಟು ಮರಳು ಸರ್, ಅವರ ಪ್ರಶ್ನೆ ನಿಮಗೇ ಕಳಿಸುತ್ತಿದ್ದೇನೆ. ಅಷ್ಟು ಎತ್ತರದ ದುಂಡು ಕಂಬಕ್ಕೆ ಆ ಕಾಲದಲ್ಲಿ ಸೆಂಟ್ರಿಂಗ್ ಯಾವುದರಲ್ಲಿ ಕಟ್ಟಿದರು, ಎಷ್ಟು ಸಲಕ್ಕೆ ಮಾಲು ಸುರಿದರು?

ಸಿಮೆಂಟು_ಮರಳು
ಹೊರಗಿನದು ಸ್ಟೇನ್‌ಲೆಸ್ ಸ್ಟೀಲಿನ ಹೊದಿಕೆ, ಒಳಗೆ ಕಾಂಕ್ರೀಟು. ಅಷ್ಟು ಎತ್ತರ ಒಂದೇ ಸಲಕ್ಕೆ ಸುರಿದರೆ ಕೆಳಗಿನ ಹಲಗೆ ಒಡೆದು ಹೋಗುತ್ತದೆ. ಹಂತ ಹಂತವಾಗಿ ಏರಿಸಿರಲೇಬೇಕು. ಒಂದು ಹಂತದ ಮೇಲೆ ಇನ್ನೊಂದು ಕೂರುವ ಕಡೆ ಗೆರೆ ಕಾಣುತ್ತದೆ, ನಿಮ್ಮ ಅಪ್ಪನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಈ ಭಾನುವಾರ ನಾನು ವಿಜಯಪುರಕ್ಕೆ ಬರುತ್ತಿದ್ದೇನೆ. ಅವರು ಮನೆಯಲ್ಲಿ ಇರುತ್ತಾರಾ?